ಹಾದು ಹೋಗುವ ಕಲ್ಲಿಗೊಂದು ಒತ್ತಕ್ಷರ

ತಮ್ಮ ಹೆಂಡತಿ ತಪ್ಪೇ ಮಾಡುವುದಿಲ್ಲ ಎಂಬುದು ಒತ್ತಕ್ಷರ ಮಹಾಶಯರ ಬಹುಕಾಲದ ದೂರು. ಬೇರೆ ಗಂಡಂದಿರು ನಾಲ್ಕು ಜನ ಸೇರಿದ ಕಡೆ ಹೆಂಡತಿಯ ತಪ್ಪುಗಳನ್ನು ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಮಹಾಶಯರಿಗೆ ಆ ಭಾಗ್ಯವಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಒಂದು ಸಂಜೆ ಪತ್ರಿಕೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದುತ್ತ, ಕಂಡವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಹಿಡಿದು ನಿಲ್ಲಿಸಿದ ಮನುಷ್ಯ, ಮನೆಗೆ ಬಂದರೆ ತಿದ್ದಲು ಏನೂ ಸಿಗದೆ ಕೈ ಕೈ ಹಿಸುಕಿಕೊಂಡು ಕೂರಬೇಕು.

ಒತ್ತಕ್ಷರ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. (ಯಾವ ತಂದೆತಾಯಿ ಇಟ್ಟಾರು?) ಕಚೇರಿಯಲ್ಲಿ ಯಾರೋ ತಮಾಷೆಗೆ ಕರೆದದ್ದು ಇವರ ಹಿಂದೆಯೇ ನಡೆದು ಬಂದು ಬೀದಿಯಲ್ಲೂ ಕಾಯಂ ಆಯಿತು. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಕಂಡರೆ ಇವರ ಪ್ರಾಣ ಹೋಗುತ್ತದೆ. ಬೀದಿಯ ತುದಿಯ ದಂತವೈದ್ಯರ ಬೋರ್ಡಿನಲ್ಲಿ 'ಹಲ್ಲು' ಎಂಬುದರ ಒತ್ತು ಅಳಿಸಿ 'ಹಲು' ಎಂದಾಗಿತ್ತು. ಮಹಾಶಯರು ತಾವೇ ಏಣಿ ಹೊತ್ತು ತಂದು, ಹತ್ತಿ, ಕಪ್ಪು ಬಣ್ಣದಲ್ಲಿ ಒತ್ತು ಬರೆದು ಇಳಿದರು. "ನಿಮ್ಮ ಬೋರ್ಡಿಗೇ ಒಂದು ಹಲ್ಲು ಕಮ್ಮಿ ಇತ್ತಲ್ಲ ಡಾಕ್ಟ್ರೇ" ಎಂದು ಬೇರೆ ಹೇಳಿದರು. ವೈದ್ಯರು ನಗಲಿಲ್ಲ. ಆ ಮೇಲೆ ಮಹಾಶಯರು ತಮ್ಮ ಹಲ್ಲುನೋವಿಗೆ ಬೇರೆ ಬೀದಿಗೆ ಹೋಗಬೇಕಾಯಿತು.

ಮದುವೆ ನಿಶ್ಚಯವಾದ ಹೊಸದರಲ್ಲಿ ಹುಡುಗಿ ಇವರಿಗೊಂದು ಪತ್ರ ಬರೆದಿದ್ದಳು. ಮಹಾಶಯರು ಓದಿ ಆನಂದಪಟ್ಟು, ಮೂರು ಕಡೆ ಕೆಂಪು ಗುರುತು ಹಾಕಿ, ಅಂಚಿನಲ್ಲಿ 'ಗಮನಿಸಿ' ಎಂದು ಬರೆದು ವಾಪಸು ಕಳಿಸಿದರು. ಒಂದು ಮದುವೆ ಮುರಿದುಬೀಳಲು ಇಷ್ಟು ಸಾಕಿತ್ತು. ಆದರೆ ಮರುಟಪಾಲಿಗೆ ಬಂದ ಉತ್ತರದಲ್ಲಿ ಒಂದೇ ಸಾಲು: 'ನಿಮ್ಮ ಮೂರು ತಿದ್ದುಪಡಿಗಳಲ್ಲಿ ಎರಡು ತಪ್ಪು.' ನಿಘಂಟು ತೆಗೆದು ನೋಡಿದರೆ ಆಕೆ ಹೇಳಿದ್ದೇ ಸರಿ. ಅಂದು ಮನಸೋತು ಬಿದ್ದ ಮಹಾಶಯರು ಇವತ್ತಿನವರೆಗೂ ಎದ್ದಿಲ್ಲ.

ಆಕೆಯ ಕಣ್ಣೇ ಅಂಥದ್ದು, ಕೆಲಸವೂ ಅಂಥದ್ದೇ. ಊರಾಚೆಯ ಗುಡ್ಡದ ಮೇಲೊಂದು ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕ ಕತ್ತಲಾದ ಮೇಲೆ ತನ್ನಷ್ಟಕ್ಕೆ ತಾನೇ ಆಕಾಶದ ಒಂದೊಂದು ತುಂಡನ್ನೂ ಇಪ್ಪತ್ತು ನಿಮಿಷಕ್ಕೊಮ್ಮೆ, ನಾಲ್ಕು ಸಲ, ಫೋಟೊ ತೆಗೆದಿಡುತ್ತದೆ. ಬೆಳಿಗ್ಗೆ ಹೋಗಿ ಆ ನಾಲ್ಕು ಚಿತ್ರಗಳನ್ನು ಒಂದರ ಹಿಂದೊಂದು ಹೊರಳಿಸಿ ನೋಡುವುದು ಆಕೆಯ ಉದ್ಯೋಗ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಸಾವಿರಾರು ಚುಕ್ಕಿಗಳ ನಡುವೆ ಒಂದೇ ಒಂದು ಚುಕ್ಕಿ ಕೂದಲೆಳೆಯಷ್ಟು ಕದಲಿದ್ದರೆ ಅದು ನಕ್ಷತ್ರವಲ್ಲ, ಸೂರ್ಯನನ್ನು ಸುತ್ತುವ ದಾರಿಯಲ್ಲಿ ನಮ್ಮ ಕಡೆ ಬಂದಿರುವ ಕಲ್ಲು. ಕಂಪ್ಯೂಟರೂ ನೋಡುತ್ತದೆ, ನಿಜ. ಆದರೆ ಅದು ಒಮ್ಮೊಮ್ಮೆ ಧೂಳನ್ನು ಕಲ್ಲು ಅನ್ನುತ್ತದೆ, ಕಲ್ಲನ್ನು ಧೂಳು ಅನ್ನುತ್ತದೆ. ಕೊನೆಯ ಮಾತು ಆಕೆಯದು. (ಮನೆಯಲ್ಲೂ ಕೊನೆಯ ಮಾತು ಆಕೆಯದೇ ಎಂದು ಬೇರೆ ಹೇಳಬೇಕಾಗಿಲ್ಲ.)

ಇಂಥ ಕಣ್ಣಿನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಸಂಜೆ ಮನೆಗೆ ಬಂದು ಬಾಗಿಲಲ್ಲಿ ನಿಂತು ಆಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದಳೆಂದರೆ ಮುಗಿಯಿತು. "ಬಿಸ್ಕತ್ತಿನ ಡಬ್ಬ ಎರಡಿಂಚು ಪೂರ್ವಕ್ಕೆ ಹೋಗಿದೆ. ಅತ್ತೇ, ಡಾಕ್ಟ್ರು ಸಿಹಿ ಬೇಡ ಅಂದಿದ್ದು ನೆನಪಿದೆ ತಾನೆ?"

"ಅಯ್ಯೋ, ಧೂಳು ಒರೆಸ್ತಾ ಇದ್ದೆ ಕಣೇ" ಎಂದು ಮಹಾಶಯರ ತಾಯಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಆದರೆ ಒಳಗೊಳಗೇ ಅವರಿಗೂ ಸೊಸೆಯೆಂದರೆ ಅಭಿಮಾನ. ನೆರೆಮನೆಯವರ ಹತ್ತಿರ, "ನಮ್ಮ ಸೊಸೆ ಆಕಾಶಕ್ಕೇ ಕಾವಲು" ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಹೀಗಿರುವಾಗ ಒಂದು ದಿನ ಆಕೆ ಕೆಲಸದಿಂದ ಬಂದವಳು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕುಳಿತು, "ಸಿಕ್ತು" ಎಂದಳು.

"ಏನು, ಬೀಗದ ಕೈಯಾ?" ಎಂದರು ಮಹಾಶಯರು. ಆ ವಾರ ಕಳೆದುಹೋದದ್ದು ಅದೊಂದೇ.

"ಕಲ್ಲು. ನನ್ನ ಕಲ್ಲು. ಕಂಪ್ಯೂಟರ್ ಅದನ್ನ ಕಸ ಅಂತ ಪಕ್ಕಕ್ಕೆ ತಳ್ಳಿತ್ತು. ನನಗ್ಯಾಕೋ ಅನುಮಾನ. ಮತ್ತೆ ಮತ್ತೆ ನೋಡಿದೆ. ಅದು ಕದಲ್ತಾ ಇತ್ತು ರೀ! ಬೇರೆ ಬೇರೆ ಕಡೆಯವರೂ ನೋಡಿ ಹೌದು ಅಂದ್ರು. ಇನ್ನೈದು ದಿನಕ್ಕೆ ಇಲ್ಲೇ ಪಕ್ಕದಲ್ಲಿ ಹೋಗುತ್ತೆ."

ಹದಿನಾಲ್ಕು ವರ್ಷ ಬೇರೆಯವರು ಕಂಡುಹಿಡಿದ ಕಲ್ಲುಗಳ ದಾರಿ ಅಳೆದುಕೊಂಡಿದ್ದವಳಿಗೆ ತನ್ನದೇ ಎಂದು ಸಿಕ್ಕ ಮೊದಲ ಕಲ್ಲು ಅದು. ಮಹಾಶಯರು ಹೆಂಡತಿಯ ಮುಖ ನೋಡಿದರು. ಅಷ್ಟು ಸಂತೋಷ ಆ ಮುಖದಲ್ಲಿ ಅವರು ಕಂಡು ಬಹಳ ವರ್ಷವಾಗಿತ್ತು. ಮನಸ್ಸು ತುಂಬಿ ಬಂದಾಗ ಅವರು ವ್ಯಾಕರಣಕ್ಕೆ ಶರಣು ಹೋಗುತ್ತಾರೆ. "ಕಲ್ಲು ಅನ್ನಬಾರದು. ಕ್ಷುದ್ರಗ್ರಹ ಅನ್ನಬೇಕು" ಎಂದರು.

"ಕ್ಷುದ್ರ ಅಂತ ಯಾಕೋ ಬೈತೀಯ ಅದನ್ನ?" ತಾಯಿ ಹೆಣೆಯುತ್ತಿದ್ದ ಸ್ವೆಟರ್ ಪಕ್ಕಕ್ಕಿಟ್ಟರು. "ಪಾಪ, ತನ್ನ ಪಾಡಿಗೆ ತಾನು ಹೋಗ್ತಾ ಇದೆ. ಅದರಲ್ಲೂ ನಮ್ಮನೆ ಹುಡುಗಿ ಕಂಡುಹಿಡಿದಿದ್ದು."

"ಅತ್ತೆ ಹೇಳೋದೇ ಸರಿ" ಎಂದಳು ಹೆಂಡತಿ. ತಾಯಿಯ ಉಣ್ಣೆಯ ಉಂಡೆ ಎತ್ತಿ ಮೇಜಿನ ಮೇಲಿಟ್ಟು, "ಇದು ಭೂಮಿ ಅಂತ ಇಟ್ಕೊಳ್ಳಿ" ಎಂದಳು. ಕೋಟಿನಿಂದ ಕಿತ್ತುಬಂದಿದ್ದ ಒಂದು ದೊಡ್ಡ ಗುಂಡಿಯನ್ನು ಕೋಣೆ ದಾಟಿ ಹೋಗಿ ಬಾಗಿಲ ಹೊಸ್ತಿಲಿನ ಮೇಲಿಟ್ಟಳು. "ಇದು ಚಂದ್ರ. ನಡುವೆ ಇಂಥ ಮೂವತ್ತು ಉಂಡೆ ಇಡಬಹುದು. ನನ್ನ ಕಲ್ಲು ಹೋಗೋದು ಏಳು ಉಂಡೆಯಷ್ಟು ದೂರದಲ್ಲಿ. ಮೂರಂತಸ್ತಿನ ಮನೆಯಷ್ಟು ದೊಡ್ಡದು, ಆದರೆ ಈ ಲೆಕ್ಕದಲ್ಲಿ ಕಣ್ಣಿಗೂ ಕಾಣಲ್ಲ."

"ಏಳು ಭೂಮಿಯಷ್ಟು ದೂರಾನ ಪಕ್ಕ ಅಂತೀಯಲ್ಲೇ!" ಎಂದು ತಾಯಿ ಅಚ್ಚರಿಪಟ್ಟರು.

"ಆಕಾಶದ ಲೆಕ್ಕಕ್ಕೆ ಅದು ಕಿವಿ ಪಕ್ಕ ಸೊಳ್ಳೆ ಹೋದ ಹಾಗೆ ಅತ್ತೆ."

ಸುದ್ದಿ ಪತ್ರಿಕೆಯ ಕಚೇರಿಗೂ ಮುಟ್ಟಿತು. ಸಂಪಾದಕರು ಆಕೆಯೇ ಒಂದು ಲೇಖನ ಬರೆಯಲಿ ಎಂದರು. ವೀಕ್ಷಣಾಲಯದ ನಿರ್ದೇಶಕರನ್ನು ಕಾಡಿ ಬೇಡಿ ಆಕೆ ಇನ್ನೊಂದು ಅನುಮತಿಯನ್ನೂ ಗಿಟ್ಟಿಸಿದಳು: ಕಲ್ಲು ಹಾದು ಹೋಗುವ ಸಂಜೆ ಗುಡ್ಡದ ಗೇಟನ್ನು ಊರವರಿಗೆಲ್ಲ ತೆರೆದು, ಮೈದಾನದಲ್ಲಿ ಚಿಕ್ಕ ದೂರದರ್ಶಕ ಇಟ್ಟು, ದೊಡ್ಡ ಪರದೆಯ ಮೇಲೆ ತೋರಿಸುವುದು. ಹದಿನಾಲ್ಕು ವರ್ಷದಲ್ಲಿ ಆ ಗೇಟು ಹೊರಗಿನವರಿಗೆ ತೆರೆದದ್ದೇ ಇಲ್ಲ.

ಕಲ್ಲು ಬರುವ ಹಿಂದಿನ ದಿನ ಬೆಳಿಗ್ಗೆ ಆಕೆ ನಾಲ್ಕು ಪ್ಯಾರಾ ಬರೆದ ಹಾಳೆಯನ್ನು ಗಂಡನ ಕೈಗಿತ್ತಳು. ಆದರೆ ತನ್ನ ಕೈ ಬಿಡಲಿಲ್ಲ. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ.

"ಒಂದಕ್ಷರ ಮುಟ್ಟಬಾರದು."

"ಛೆ, ನಾನ್ಯಾಕೆ ಮುಟ್ಟಲಿ?"

"ನೀವು ಯಾಕೆ ಮುಟ್ಟಲ್ಲ ಅಂತ ಕೇಳಿ. ನಿಮ್ಮ ಕೈಗೆ ಔಷಧಿ ಚೀಟಿ ಕೊಟ್ರೂ ತಿದ್ದಿ ಅಂಗಡಿಗೆ ಕೊಡ್ತೀರಿ. ಇದು ನನ್ನ ಕಲ್ಲು, ನನ್ನ ಮಾತು. ಮಾತು ಕೊಡಿ."

"ಕೊಟ್ಟೆ. ಒಂದಕ್ಷರ ಮುಟ್ಟಲ್ಲ" ಎಂದು ಮಹಾಶಯರು ಎದೆ ಮುಟ್ಟಿಕೊಂಡು ಹೇಳಿದರು. ಆಗ ಅವರಿಗೆ ನಿಜವಾಗಿಯೂ ಮುಟ್ಟುವ ಉದ್ದೇಶವಿರಲಿಲ್ಲ.

ಹನ್ನೊಂದು ಗಂಟೆಗೆ ಕರಡು ಮೇಜಿಗೆ ಬಂತು. ಶೀರ್ಷಿಕೆ ಆಕೆಯದೇ: 'ನಾಳೆ ಸಂಜೆ ಭೂಮಿಯನ್ನು ಹಾದು ಹೋಗಲಿದೆ ಒಂದು ಕಲ್ಲು'. ಮಹಾಶಯರು ಒಮ್ಮೆ ಓದಿದರು. ಚೆನ್ನಾಗಿದೆ. ಎರಡನೆಯ ಸಲ ಓದಿದರು. 'ಹಾದು' ಎಂಬಲ್ಲಿ ಕಣ್ಣು ನಿಂತಿತು. ಧಾತು 'ಹಾಯು' ತಾನೆ? ಹಾಗಾದರೆ 'ಹಾಯ್ದು' ಆಗಬೇಕಲ್ಲ? 'ಹಾದು' ಎಂಬುದು ಬಾಯಲ್ಲಿ ಸವೆದು ಸಣ್ಣಗಾದ ರೂಪ. ಹದಿನಾಲ್ಕು ವರ್ಷಕ್ಕೆ ಸಿಕ್ಕ ಕಲ್ಲು ಸವೆದ ಪದದ ಮೇಲೆ ಹೋಗಬೇಕೆ? ನಿಘಂಟು ತೆಗೆದರು. ನಿಘಂಟು ಇವರ ಕಡೆಯೇ ಇತ್ತು. (ನಿಘಂಟು ಯಾವಾಗಲೂ ತೆಗೆದವರ ಕಡೆಯೇ ಇರುತ್ತದೆ.)

ಮಾತು ಕೊಟ್ಟದ್ದು ನೆನಪಾಯಿತು. ಎದ್ದು ನೀರು ಕುಡಿದು ಬಂದರು. ಕಿಟಕಿಯ ಹತ್ತಿರ ನಿಂತು ಎದುರು ಕಟ್ಟಡದ ಬೋರ್ಡು ಓದಿದರು. ಅದರಲ್ಲೂ ತಪ್ಪಿರಲಿಲ್ಲ. ಮತ್ತೆ ಬಂದು ಕುಳಿತಾಗ 'ಹಾದು' ಅವರನ್ನೇ ನೋಡುತ್ತಿತ್ತು. 'ಒಂದಕ್ಷರ ಮುಟ್ಟುವುದಿಲ್ಲ ಎಂದೆ. ಮುಟ್ಟುತ್ತಿಲ್ಲವಲ್ಲ! ಇರುವ ಅಕ್ಷರ ಇದ್ದಲ್ಲೇ ಇರುತ್ತದೆ. ನಡುವೆ ಒಂದು ಯಕಾರ ಇಟ್ಟು, ದಕಾರವನ್ನು ಅದರ ಕಾಲ ಕೆಳಗೆ ಒತ್ತಾಗಿ ಕೂರಿಸಿದರೆ ಸೇರಿಸಿದ್ದಾಯಿತೇ ಹೊರತು ಮುಟ್ಟಿದ್ದಾಗಲಿಲ್ಲ' ಎಂದು ತಮ್ಮ ಜೊತೆ ತಾವೇ ವಾದಿಸಿ, ತಾವೇ ಗೆದ್ದು, ಕೆಂಪು ಪೆನ್ನಿನಿಂದ ಕೆಲಸ ಮುಗಿಸಿದರು. ಆಮೇಲೆ ಮನಸ್ಸಿಗೆ ಬಹಳ ತೃಪ್ತಿಯಾಯಿತು. ಪ್ರೀತಿಯ ಹೆಂಡತಿಗೆ ಗುಟ್ಟಾಗಿ ಒಂದು ಒಡವೆ ತೊಡಿಸಿದ ಹಾಗೆ ಅನ್ನಿಸಿತು.

ನಾಲ್ಕು ಗಂಟೆಗೆ ಪತ್ರಿಕೆ ಬೀದಿಗೆ ಬಂತು. ನಾಲ್ಕೂಕಾಲಿಗೆ ಮಹಾಶಯರು ಮನೆಯ ಬೀದಿಗೆ ತಿರುಗಿದರೆ ಎದುರಂಗಡಿಯ ದರ್ಜಿ ಅಳತೆ ಪಟ್ಟಿ ಕುತ್ತಿಗೆಗೆ ಸುತ್ತಿಕೊಂಡೇ ಓಡಿ ಬಂದ. "ಸಾರ್, ಏನ್ಸಾರ್ ಇದು! ನಾಳೆ ಭೂಮಿಗೆ ಹಾಯುತ್ತಂತಲ್ಲ!"

"ಹಾಯುತ್ತೆ ಅಂದ್ರೆ..."

"ನೀವೇ ನೋಡಿ, ದಪ್ಪಕ್ಷರದಲ್ಲಿದೆ. 'ಭೂಮಿಯನ್ನು ಹಾಯ್ದು ಹೋಗಲಿದೆ.' ನಮ್ಮಜ್ಜನಿಗೂ ಹೀಗೇ ಆಗಿದ್ದು. ಹೋರಿ ಬಂತು, ಹಾಯ್ತು, ಹೋಯ್ತು. ಹೋರಿ ಒಂದು ಕಡೆ ಹೋಯ್ತು, ಅಜ್ಜ ಒಂದು ಕಡೆ ಹೋದ."

ಇಪ್ಪತ್ತೆರಡು ವರ್ಷ ಪದಗಳ ಜೊತೆ ಬಾಳಿದ ಮಹಾಶಯರಿಗೆ ಈ ಪದಕ್ಕೆ ಕೊಂಬಿದೆಯೆಂಬುದು ಹೊಳೆದೇ ಇರಲಿಲ್ಲ. "ಅಲ್ಲಪ್ಪಾ, ಹಾಯು ಅಂದ್ರೆ ದಾಟು ಅಂತಾನೂ ಅರ್ಥ ಇದೆ. ಹೊಳೆ ಹಾಯ್ದು ಬಂದ ಅನ್ನಲ್ವಾ? ನಿಘಂಟಿನಲ್ಲಿ..."

"ನಿಘಂಟು ನಮ್ಮಜ್ಜನ ಹತ್ರ ಇರಲಿಲ್ಲ ಸಾರ್" ಎಂದ ದರ್ಜಿ. "ಯಾವ ಕಡೆಯಿಂದ ಬರುತ್ತೆ, ಅಷ್ಟು ಹೇಳಿ. ಮಿಷನ್ ಆ ಕಡೆ ಗೋಡೆಯಿಂದ ಈ ಕಡೆಗೆ ಎಳ್ಕೋತೀನಿ."

ಬೀದಿಯೆಲ್ಲ ಅದೇ ಮಾತು. ಮುಂದಿನ ವಾರಕ್ಕೆ ಬಟ್ಟೆ ಹೊಲಿಯಲು ಕೊಟ್ಟವರು ಇವತ್ತೇ ಬೇಕೆಂದು ದರ್ಜಿಯ ಅಂಗಡಿಗೆ ಮುತ್ತಿದ್ದರು. ಭೂಮಿ ಹೋಗುವಾಗ ಹಳೆಯ ಅಂಗಿಯಲ್ಲಿರಬಾರದು ಎಂಬ ಹಠ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದವರೊಬ್ಬರು, ನಾಳೆ ಭೂಮಿಯೇ ಇಲ್ಲದ ಮೇಲೆ ಇವತ್ತು ಹಲ್ಲು ಯಾಕೆ ಕೀಳಿಸಬೇಕೆಂದು ಎದ್ದು ಬಂದಿದ್ದರು.

ಮಹಾಶಯರಿಗೆ ಜನರ ಚಿಂತೆಯಿರಲಿಲ್ಲ. ಭೂಮಿಯ ಚಿಂತೆಯೂ ಇರಲಿಲ್ಲ. ಐದು ಗಂಟೆಗೆ ಹೆಂಡತಿ ಬರುತ್ತಾಳೆ, ಪತ್ರಿಕೆ ಕೇಳುತ್ತಾಳೆ ಎಂಬುದೊಂದೇ ಚಿಂತೆ. ಮನೆಗೆ ಓಡಿ ಬಾಗಿಲ ಬಳಿ ಬಿದ್ದಿದ್ದ ಪತ್ರಿಕೆ ಎತ್ತಿಕೊಂಡರು. ಎಲ್ಲಿಡುವುದು? ದಿಂಬಿನ ಕೆಳಗಿಟ್ಟರೆ ದಿಂಬು ಅರ್ಧ ಇಂಚು ಏಳುತ್ತದೆ, ಆಕೆಗೆ ಕಾಣುತ್ತದೆ. ಬೀರುವಿನ ಮೇಲಿಟ್ಟರೆ ಧೂಳಿನಲ್ಲಿ ಗುರುತು ಬೀಳುತ್ತದೆ. ಚಾಪೆಯ ಕೆಳಗಿಟ್ಟರೆ ಚಾಪೆಯ ಅಂಚು ಕದಲುತ್ತದೆ. ಈ ಮನೆಯಲ್ಲಿ ಏನನ್ನಾದರೂ ಬಚ್ಚಿಡಬೇಕೆಂದರೆ ಯಾವುದನ್ನೂ ಕದಲಿಸದೆ ಬಚ್ಚಿಡಬೇಕು. ಯೋಚಿಸಿ ಯೋಚಿಸಿ ಕೊನೆಗೆ ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡು, ಗುಂಡಿ ಹಾಕಿಕೊಂಡು, ತೆಪ್ಪಗೆ ಕುರ್ಚಿಯಲ್ಲಿ ಕುಳಿತರು. ಉಸಿರಾಡಿದಾಗಲೆಲ್ಲ ಹೊಟ್ಟೆ ಸರಬರ ಸದ್ದು ಮಾಡುತ್ತಿತ್ತು.

"ಏನೋ ಅದು ಸದ್ದು?" ಎಂದರು ತಾಯಿ.

"ಅಜೀರ್ಣ ಅಮ್ಮಾ."

ಐದಕ್ಕೆ ಸರಿಯಾಗಿ ಹೆಂಡತಿ ಬಂದಳು. ಬಾಗಿಲಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಎಲ್ಲ ಅಲ್ಲಲ್ಲೇ ಇದೆ" ಎಂದಳು. "ನೀವು ಮಾತ್ರ ಒಂದಿಂಚು ಮುಂದೆ ಬಂದಿದ್ದೀರಿ."

ಮಹಾಶಯರು ಹೊಟ್ಟೆ ಒಳಗೆಳೆದುಕೊಂಡರು. ಹೊಟ್ಟೆ ಹೋಯಿತು, ಪತ್ರಿಕೆ ಹೋಗಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಆ ಕಡೆಯಿಂದ ನಿರ್ದೇಶಕರು ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಬೆಳಗಿನಿಂದ ಯಾರೂ ಕರೆಯದ ವೀಕ್ಷಣಾಲಯಕ್ಕೆ ಒಂದು ಗಂಟೆಯಲ್ಲಿ ನಾನೂರು ಕರೆಗಳು. ಜನ ಹೀಗೆ ಹೆದರಿದ್ದರೆ ನಾಳೆ ಗೇಟು ತೆರೆಯುವ ಮಾತೇ ಇಲ್ಲ. ನಾಳೆ ಸಂಜೆ ಐದರೊಳಗೆ ಊರು ಸಮಾಧಾನವಾದರೆ ಸರಿ, ಇಲ್ಲದಿದ್ದರೆ ಕಲ್ಲನ್ನು ಅವರವರೇ ನೋಡಿಕೊಳ್ಳಲಿ.

ಆಕೆ ಫೋನಿಟ್ಟಳು. ಹೊರಗೆ ಮನೆಯ ಗೇಟಿನ ಬಳಿ ಅಷ್ಟರಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು, ಎಲ್ಲರ ಮುಂದೆ ದರ್ಜಿ. ಕಿರುಚಾಡುವುದಿರಲಿ, ಆಕೆ ಮುಖ ಕೂಡ ಗಂಟಿಕ್ಕಲಿಲ್ಲ. ತಾಯಿಯ ಉಣ್ಣೆಯ ಉಂಡೆಯನ್ನೂ ಅಂದು ಚಂದ್ರನಾಗಿದ್ದ ಗುಂಡಿಯನ್ನೂ ತೆಗೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಳು. ಗುಂಡಿ ಹಿಡಿದು ಬೀದಿಯ ಆ ಬದಿಗೆ ಹೋಗಿ ನಿಲ್ಲುವಂತೆ ದರ್ಜಿಗೆ ಹೇಳಿದಳು.

"ಹೆಡ್ಡಿಂಗಿನಲ್ಲಿ ಒಂದು ಒತ್ತು ಜಾಸ್ತಿ ಬಿದ್ದಿದೆ, ಅಷ್ಟೆ" ಎಂದಳು. "ಕಲ್ಲು ಹಾದು ಹೋಗುತ್ತೆ, ಹಾಯಲ್ಲ. ನೀವು ಬಸ್ ಸ್ಟಾಪಿನಲ್ಲಿ ನಿಂತಿರ್ತೀರಿ. ನಿಮ್ಮದಲ್ಲದ ಬಸ್ಸು ಮುಂದೆ ಹೋಗುತ್ತೆ. ಹೆದರ್ತೀರಾ?"

"ನಮ್ಮ ಬಸ್ಸೂ ಹಾಗೇ ಹೋಗುತ್ತಮ್ಮಾ, ನಿಲ್ಲಿಸಲ್ಲ" ಎಂದರು ಯಾರೋ. ಜನ ನಕ್ಕರು. ಆಕೆಯೂ ನಕ್ಕಳು. ಆಮೇಲೆ ಒಂದೊಂದಾಗಿ ಹೇಳಿದಳು: ಇಂಥ ಕಲ್ಲುಗಳು ಎಷ್ಟೋ ಸಲ ಹೀಗೆ ಬಂದು ಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ನಾವು ಹುಟ್ಟುವುದಕ್ಕೆ ಮುಂಚೆಯೂ ಬರುತ್ತಿದ್ದವು. ಈಗ ನೋಡಲು ಕಲಿತಿದ್ದೇವೆ, ಯಾವುದು ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿ ಹೋಗುತ್ತದೆ ಎಂದು ಹೇಳಬಲ್ಲೆವು. ಇದರ ದಾರಿಯನ್ನು ಐದು ಕಡೆಯಿಂದ ಅಳೆದಿದ್ದೇವೆ. ನಾಳೆ ಏಳೂಕಾಲಿಗೆ ನಮಗೆ ಅತಿ ಹತ್ತಿರ ಇರುತ್ತದೆ, ಏಳು ಭೂಮಿಯಷ್ಟು ದೂರದಲ್ಲಿ.

ಕಿಟಕಿಯ ಸಂದಿಯಿಂದ ನೋಡುತ್ತಿದ್ದ ಮಹಾಶಯರಿಗೆ ಮೈ ಜುಮ್ಮೆಂದಿತು. ಕೈಯಲ್ಲಿ ನೀಲಿ ಉಣ್ಣೆಯ ಉಂಡೆ ಹಿಡಿದು ನಿಂತ ಆ ಹೆಂಗಸು ತಮ್ಮ ಹೆಂಡತಿಯೆಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಂಥವಳಿಗೆ ಕೊಟ್ಟ ಮಾತನ್ನು ತಾನು ಐದು ಗಂಟೆಯೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. 'ಒಂದು ಒತ್ತು ಜಾಸ್ತಿ ಬಿದ್ದಿದೆ' ಎಂದಳೇ ಹೊರತು ಯಾರು ಹಾಕಿದ್ದೆಂದು ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲ, ಟೈಪು ಮಾಡುವವರ ತಪ್ಪು ಅಂದುಕೊಂಡಿದ್ದಾಳೆ. ಹಾಗೇ ಅಂದುಕೊಳ್ಳಲಿ ಎಂದು ಒಂದು ಮನಸ್ಸು ಹೇಳಿತು. ಹೊಟ್ಟೆಯ ಮೇಲಿನ ಪತ್ರಿಕೆ ಮಾತ್ರ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಳ್ಳತೊಡಗಿತು.

ಊಟಕ್ಕೆ ಕುಳಿತಾಗ ಇನ್ನು ತಡೆಯಲಾಗಲಿಲ್ಲ. ಮಹಾಶಯರು ಅಂಗಿಯ ಗುಂಡಿ ಬಿಚ್ಚಿ, ಪತ್ರಿಕೆ ಎಳೆದು ತೆಗೆದು ಮೇಜಿನ ಮೇಲಿಟ್ಟರು. ಶೀರ್ಷಿಕೆ ಹೊಟ್ಟೆಯ ಮೇಲೆ ತಿರುವುಮುರುವಾಗಿ ಅಚ್ಚಾಗಿತ್ತು. "ನಾನೇ" ಎಂದರು. "ಒತ್ತು ಹಾಕಿದ್ದು ನಾನೇ."

"ಗೊತ್ತು" ಎಂದಳು ಹೆಂಡತಿ, ತಟ್ಟೆಯಿಂದ ಕಣ್ಣೆತ್ತದೆ.

"ಗೊತ್ತಾ? ಯಾವಾಗ?"

"ನಾಲ್ಕೂ ಮುಕ್ಕಾಲಿಗೆ. ಬಸ್ ಸ್ಟಾಪಿನಲ್ಲೇ ಪತ್ರಿಕೆ ತಗೊಂಡೆ. ನನ್ನ ಪ್ರತಿ ಬ್ಯಾಗಿನಲ್ಲಿತ್ತು, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ನಾಲ್ಕು ಪ್ಯಾರಾ ಅಲ್ಲೇ ಇದ್ದಾವೆ, ಒಂದು ಕಡೆ ಮಾತ್ರ ಕದಲಿದೆ. ಬೇರೆಯವರ ತಪ್ಪಾದ್ರೆ ಅಕ್ಷರ ಬಿದ್ದುಹೋಗುತ್ತೆ ರೀ. ಹೀಗೆ ಅಚ್ಚುಕಟ್ಟಾಗಿ ಒತ್ತು ಬಂದು ಕೂರಲ್ಲ."

ತಾಯಿ ಸೊಸೆಯನ್ನೂ ನೋಡಿದರು, ಮಗನನ್ನೂ ನೋಡಿದರು. ಮಗನ ಮುಖ ಇಂಗು ತಿಂದ ಮಂಗನ ಹಾಗಿತ್ತು. "ಬೈಯೇ ಅವನಿಗೆ, ಚೆನ್ನಾಗಿ ಬೈ" ಎಂದು ಸೊಸೆಯನ್ನು ಹುರಿದುಂಬಿಸಿದರು.

ಬೈದಿದ್ದರೆ ಮಹಾಶಯರಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ. "ತಪ್ಪಾಗಿದ್ದಕ್ಕೆ ಬೇಜಾರಿಲ್ಲ" ಎಂದಳು. "ಪದಕ್ಕೆ ಎರಡರ್ಥ ಇತ್ತು, ನಿಮಗೆ ಹೊಳೀಲಿಲ್ಲ. ಆದರೆ ಮಾತು ಕೊಟ್ಟಿದ್ರಿ. ಬೆಳಿಗ್ಗೆ ಕೊಟ್ರಿ, ಮಧ್ಯಾಹ್ನ ತಿದ್ದಿದ್ರಿ. ಅದು ಬೇಜಾರು."

ತಿಳಿಯಾಗಿ, ಒಂದೂ ತಪ್ಪಿಲ್ಲದೆ ಹೇಳಿದ ಆ ಐದು ವಾಕ್ಯಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

"ನಾಳೆ ಪತ್ರಿಕೆಯಲ್ಲಿ ಮೊದಲ ಪುಟಕ್ಕೆ ಒಂದು ತಿದ್ದುಪಡಿ ಹೋಗುತ್ತೆ" ಎಂದಳು ಆಕೆ. "ನಾನೇ ಬರೆದು ನಿಮ್ಮ ಸಂಪಾದಕರಿಗೆ ಕಳಿಸ್ತೀನಿ. ಕರಡು ನಿಮ್ಮ ಮೇಜಿಗೇ ಬರುತ್ತೆ."

"ಒಂದಕ್ಷರ ಮುಟ್ಟಲ್ಲ. ಸೇರಿಸೋದೂ ಇಲ್ಲ, ತೆಗೆಯೋದೂ ಇಲ್ಲ."

"ನೋಡೋಣ" ಎಂದಳು ಹೆಂಡತಿ.

ಮರುದಿನ ಮಹಾಶಯರು ಕಚೇರಿಗೆ ಹೋದವರೇ ಕೆಂಪು ಪೆನ್ನನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾ‌ಕಿ, ಬೀಗದ ಕೈಯನ್ನು ಸಂಪಾದಕರ ಕೈಗೆ ಕೊಟ್ಟು ಬಂದರು. ಸಂಪಾದಕರು ಇವರಿಗೆ ಮೈ ಹುಷಾರಿಲ್ಲವೆಂದು ತಿಳಿದು ಕುರ್ಚಿ ಕೊಟ್ಟು ಕೂರಿಸಿ ನೀರು ತರಿಸಿದರು. ಹನ್ನೊಂದಕ್ಕೆ ತಿದ್ದುಪಡಿಯ ಕರಡು ಬಂತು. ಅದರಲ್ಲಿ ಹೀಗಿತ್ತು:

'ನಿನ್ನೆಯ ಸಂಚಿಕೆಯ ಶೀರ್ಷಿಕೆಯಲ್ಲಿ ಹಾದು ಎಂದಿರಬೇಕಾದ ಕಡೆ ಹಾಯ್ದು ಎಂದು ಅಚ್ಚಾಗಿದೆ. ಮೂಲದಲ್ಲಿ ಸರಿಯಾಗಿಯೇ ಇದ್ದುದನ್ನು ನಮ್ಮ ಹಿರಿಯ ಕರಡಿ ತಿದ್ದಿದ್ದರಿಂದ ಈ ಪ್ರಮಾದ ಸಂಭವಿಸಿದೆ. ಕಲ್ಲು ಯಾರಿಗೂ ಏನೂ ಮಾಡದೆ ತನ್ನ ದಾರಿಯಲ್ಲಿ ಹೋಗಲಿದೆ. ಎಲ್ಲರೂ ಸಂಜೆ ಆರೂವರೆಗೆ ಗುಡ್ಡಕ್ಕೆ ಬನ್ನಿ.'

ಮಹಾಶಯರ ಕಣ್ಣು ಎರಡನೆಯ ವಾಕ್ಯದ ನಡುವೆ ಕಚ್ಚಿಕೊಂಡಿತು. ಕರಡಿ! 'ನಮ್ಮ ಹಿರಿಯರು ಕರಡು ತಿದ್ದಿದ್ದರಿಂದ' ಎಂದಿರಬೇಕು. ಟೈಪು ಮಾಡುವವರು 'ರು' ನುಂಗಿ, ಉಕಾರಕ್ಕೆ ಇಕಾರ ಹಾಕಿ, ಇವರನ್ನು ಕಾಡಿಗೆ ಅಟ್ಟಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪು ಇಷ್ಟು ಸಣ್ಣ ಜಾಗದಲ್ಲಿ ಕಂಡಿರಲಿಲ್ಲ. ಬಲಗೈ ತಾನಾಗಿಯೇ ಖಾನೆಯ ಕಡೆ ಹೋಯಿತು. ಬೀಗ ಹಾಕಿದ್ದು ನೆನಪಾಗಿ ಪಕ್ಕದ ಮೇಜಿನ ನೀಲಿ ಪೆನ್ನಿನ ಕಡೆ ತಿರುಗಿತು. ಮಹಾಶಯರು ಎಡಗೈಯಿಂದ ಬಲಗೈಯನ್ನು ಹಿಡಿದು, ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತರು.

'ಮುಟ್ಟಿದರೆ ಮಾನ ಉಳಿಯುತ್ತದೆ, ಮಾತು ಹೋಗುತ್ತದೆ. ಮುಟ್ಟದಿದ್ದರೆ ಮಾತು ಉಳಿಯುತ್ತದೆ, ಊರಿನ ಎದುರು ಕರಡಿಯಾಗುತ್ತೇನೆ' ಎಂದು ಲೆಕ್ಕ ಹಾಕಿದರು. ನಿನ್ನೆಯ ಊಟದ ಮೇಜು ಕಣ್ಣ ಮುಂದೆ ಬಂತು. 'ಅದು ಬೇಜಾರು' ಎಂದಾಗಿನ ಆಕೆಯ ದನಿ ಕಿವಿಯಲ್ಲಿ ಕೇಳಿತು. ಅವರ ಕಣ್ಣಲ್ಲಿ ನೀರು ಬಂತು. (ಹೆಂಡತಿಗಾಗಿಯೋ ವ್ಯಾಕರಣಕ್ಕಾಗಿಯೋ ಹೇಳುವುದು ಕಷ್ಟ.)

"ನೋಡಿದ್ರಾ? ಸರಿ ಇದೆಯಾ?" ಎಂದು ಸಂಪಾದಕರು ಬಂದು ಕೇಳಿದರು. ಅವರ ಮೀಸೆ ಯಾಕೋ ಅದುರುತ್ತಿತ್ತು.

"ಇದ್ದ ಹಾಗೇ ಹೋಗಲಿ" ಎಂದರು ಮಹಾಶಯರು, ಯುದ್ಧಕ್ಕೆ ಹೊರಟವನ ಗಾಂಭೀರ್ಯದಲ್ಲಿ.

ನಾಲ್ಕು ಗಂಟೆಗೆ ಪತ್ರಿಕೆ ಬಂತು. ಐದಕ್ಕೆ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಿನ್ನೆ ಉಣ್ಣೆಯ ಉಂಡೆ ನೋಡಿಯೂ ಹೆದರಿಕೆ ಬಿಡದೆ ಇದ್ದವರು ಇವತ್ತು ಕರಡಿಯನ್ನು ಓದಿ ಹೆದರಿಕೆ ಮರೆತರು. ಕರಡಿಯ ಸುದ್ದಿ ಬಂದ ಮೇಲೆ ವೀಕ್ಷಣಾಲಯಕ್ಕೆ ಬಂದ ಕರೆ ಒಂದೇ, ಅದೂ ಕರಡಿಯೂ ಬರುತ್ತದೆಯೇ ಎಂದು ಕೇಳಿದ್ದು. ನಿರ್ದೇಶಕರು ಗೇಟು ತೆರೆಸಿದರು. ದರ್ಜಿ ಅಂಗಡಿ ಮುಚ್ಚಿ ಬಂದ, ದಂತವೈದ್ಯರೂ ಬಂದರು. ಮಹಾಶಯರು ತಾಯಿಯ ಕೈ ಹಿಡಿದು ಗುಡ್ಡ ಹತ್ತುವಾಗ ಹಿಂದೆ ಮುಂದೆ ಎಲ್ಲ ಕಡೆಯಿಂದ ನಗು ಕೇಳಿಸುತ್ತಿತ್ತು. ಬೋರ್ಡಿನ ಹಲ್ಲು ಮರೆಯದ ವೈದ್ಯರು ಪಕ್ಕದಲ್ಲೇ ಬಂದು, "ಹಿರಿಯರೇ, ಉಗುರು ಕತ್ತರಿಸಿಕೊಂಡು ಬಂದಿದ್ದೀರಿ ತಾನೆ?" ಎಂದು ವಿಚಾರಿಸಿ ಹೋದರು. ಮಹಾಶಯರು ತಲೆಯೆತ್ತಿಕೊಂಡೇ ನಡೆದರು. ತಾವು ಅನುಭವಿಸುತ್ತಿರುವುದು ಮಾತು ಉಳಿಸಿಕೊಂಡವರ ಕಷ್ಟವೆಂದು ಅವರಿಗೆ ಹೆಮ್ಮೆಯಿತ್ತು.

ಏಳು ಗಂಟೆಗೆ ಆಕಾಶ ಕಪ್ಪಾಗತೊಡಗಿತು. ಮೈದಾನದ ಮಧ್ಯೆ ದೂರದರ್ಶಕ, ಅದರ ಪಕ್ಕದಲ್ಲಿ ಆಕೆ. ಪರದೆಯ ಮೇಲೆ ನಕ್ಷತ್ರಗಳು ಮೂಡಿದವು. ಏಳೂ ಹತ್ತಕ್ಕೆ ಎಡಬದಿಯ ಅಂಚಿನಲ್ಲಿ ಒಂದು ಚುಕ್ಕಿ ಬಂತು. ಬೇರೆ ಚುಕ್ಕಿಗಳಿಗಿಂತ ದೊಡ್ಡದಲ್ಲ, ಹೊಳಪೂ ಹೆಚ್ಚಿಲ್ಲ. ಆದರೆ ಅದು ನಡೆಯುತ್ತಿತ್ತು. ನಿಂತ ನಕ್ಷತ್ರಗಳ ನಡುವೆ, ಯಾರನ್ನೂ ಮುಟ್ಟದೆ, ಒಂದೇ ಹದದಲ್ಲಿ ನಡೆದು ಬರುತ್ತಿತ್ತು. ದರ್ಜಿ ಬಾಯಿ ತೆರೆದುಕೊಂಡು ನಿಂತಿದ್ದ.

"ಬನ್ನಿ ಇಲ್ಲಿ" ಎಂದು ಆಕೆ ಗಂಡನನ್ನು ಕರೆದು ದೂರದರ್ಶಕದ ಮುಂದೆ ನಿಲ್ಲಿಸಿದಳು. ಮಹಾಶಯರು ಕಣ್ಣಿಟ್ಟರು. ಎಷ್ಟು ಕೋಟಿ ವರ್ಷ ಕತ್ತಲಲ್ಲಿ ಒಂಟಿಯಾಗಿ ಸುತ್ತಿಕೊಂಡಿದ್ದ ಕಲ್ಲು! ಯಾರೂ ನೋಡಿರಲಿಲ್ಲ. ಯಂತ್ರ ಕಸವೆಂದು ತಳ್ಳಿತ್ತು. ಒಬ್ಬಳು ಮಾತ್ರ, ಅಲ್ಲ, ಇದು ಕದಲುತ್ತಿದೆ ಎಂದಳು. ಅವರಿಗೆ ಆ ಚುಕ್ಕಿಯ ಮೇಲೂ ಗೌರವ ಬಂತು, ಅದನ್ನು ಕಂಡ ಕಣ್ಣಿನ ಮೇಲೂ ಬಂತು. ಚುಕ್ಕಿ ಮಸುಕಾಯಿತು. ಆಮೇಲೆ ತಿಳಿಯಿತು, ಮಸುಕಾದದ್ದು ಚುಕ್ಕಿಯಲ್ಲ, ತಮ್ಮ ಕಣ್ಣೇ ಎಂದು.

"ತುಂಬಾ ಚೆನ್ನಾಗಿದೆ" ಎಂದರು. ಬೇರೆ ಪದ ಸಿಗಲಿಲ್ಲ. ಕಣ್ಣು ಒರೆಸಿಕೊಂಡು, ಬೆಳಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಮೆಲ್ಲಗೆ ಹೇಳಿದರು: "ನೋಡು, ಈ ಸಲ ಮಾತು ಉಳಿಸ್ಕೊಂಡೆ. ಕರಡು ಅನ್ನೋದು ಕರಡಿ ಅಂತ ತಪ್ಪಾಗಿ ಬಂದಿತ್ತು. ನನ್ನ ಕಣ್ಣಿಗೆ ಬಿತ್ತು. ಜೀವಾನೇ ಹೋದ ಹಾಗಾಯ್ತು. ಆದ್ರೂ ಮುಟ್ಟಲಿಲ್ಲ. ಅಷ್ಟು ದೊಡ್ಡ ತಪ್ಪನ್ನ ಹಾಗೇ ಬಿಟ್ಟೆ, ನಿನಗೋಸ್ಕರ."

ಆಕೆ ಕತ್ತಲಲ್ಲಿ ಗಂಡನ ಕೈ ಹುಡುಕಿ ಹಿಡಿದುಕೊಂಡಳು. ಪಕ್ಕದಲ್ಲಿ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಾಡುತ್ತಿದ್ದರು. ಆಚೆ ನಿಂತ ಸಂಪಾದಕರ ಮೀಸೆ ಮತ್ತೆ ಅದುರುತ್ತಿತ್ತು.

"ತಪ್ಪೆಲ್ಲಿತ್ತು ರೀ?" ಎಂದಳು ಹೆಂಡತಿ. "ನಾನು ಬರೆದಿದ್ದೇ ಕರಡಿ ಅಂತ."